ಕೇಳುವ ನರಕ್ಕೆ ಕರೆಂಟು ಕೊಟ್ಟು ನೋಡುವುದೆಂದರೆ

ಓಲ್ಡ್ ಏರ್‌ಪೋರ್ಟ್ ಕಡೆಯ ಓದುಗರೊಬ್ಬರು ನಮಗೆ ಒಂದು ಉದ್ದದ ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಊರಿನಲ್ಲಿರುವ ಅವರ ಭಾವನಿಗೆ ಎರಡು ವರ್ಷದಿಂದ ಎಡಗಿವಿ ಮಂದ. ಮೊದಲು ಗುಗ್ಗೆ ಅಂದರು, ಆಮೇಲೆ ಶೀತ ಅಂದರು. ಈಗ ಎಂಆರ್‌ಐ ಮಾಡಿಸಿದಾಗ ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಗಡ್ಡೆ ಇರುವುದು ಗೊತ್ತಾಗಿದೆ. ಆಪರೇಷನ್ ನಡೆಯುವಾಗಲೇ ಕೇಳುವ ನರಕ್ಕೆ ಕರೆಂಟು ಕೊಟ್ಟು ಪರೀಕ್ಷೆ ಮಾಡುತ್ತೇವೆ, ಅದಕ್ಕೂ ಸೇರಿಸಿ ಸಹಿ ಬೇಕು ಎಂದು ಡಾಕ್ಟರು ಹೇಳಿದ್ದಾರಂತೆ. ಅಕ್ಕ ಹೆದರಿ ಸಹಿ ಹಾಕದೆ ಫೋನನ್ನು ದೋಹಾಕ್ಕೆ ತಿರುಗಿಸಿದ್ದಾರೆ. "ತಲೆಯೊಳಗೆ ಕರೆಂಟು ಅಂದ್ರೆ ಎಂತದ್ದು? ಶಾಕ್ ಟ್ರೀಟ್‌ಮೆಂಟಾ? ಇರುವ ಕಿವಿಯೂ ಹೋದರೆ ಯಾರು ಜವಾಬ್ದಾರಿ? ನಾನು ಇಲ್ಲಿಂದ ಏನು ಹೇಳಲಿ?" ಎಂಬುದು ಅವರ ಪ್ರಶ್ನೆ.

ದುಡ್ಡು ಕಳಿಸುವವನ ಬಾಯಿಂದಲೇ ತೀರ್ಮಾನವೂ ಬರಬೇಕು ಎನ್ನುವುದು ನಮ್ಮ ಮನೆಗಳ ಪದ್ಧತಿ. ಸಾವಿರಾರು ಮೈಲಿ ದೂರದಲ್ಲಿ ಕೂತು, ನೋಡದ ಸ್ಕ್ಯಾನಿಗೆ ಹೂಂ ಅನ್ನಬೇಕು. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಇದಕ್ಕೇ. ನಾವು ಡಾಕ್ಟರರಲ್ಲ. ಚೂರಿ ಹಿಡಿಯುವವರು ಹೇಳಿದ್ದನ್ನು ಅರ್ಥ ಮಾಡಿಕೊಂಡು ಮರುಪ್ರಶ್ನೆ ಕೇಳುವಷ್ಟು ತಿಳಿವಳಿಕೆ ಎಲ್ಲರಿಗೂ ಇರಲಿ ಎನ್ನುವುದಷ್ಟೇ ನಮ್ಮ ಆಸೆ.

ಮೊದಲನೆಯ ಮಾತು: ಇದು ಶಾಕ್ ಟ್ರೀಟ್‌ಮೆಂಟ್ ಅಲ್ಲವೇ ಅಲ್ಲ. ಇದು ಚಿಕಿತ್ಸೆಯೇ ಅಲ್ಲ, ಟೆಸ್ಟಿಂಗ್.

ನಮ್ಮ ಓದುಗರಲ್ಲಿ ಎಲೆಕ್ಟ್ರಿಕಲ್ ಕೆಲಸದವರು, ಎಂಇಪಿ ಸೈಟಿನವರು ಬಹಳ ಮಂದಿ ಇದ್ದೀರಿ. ನಿಮಗೆ ಇದನ್ನು ಹೇಳುವುದು ಸುಲಭ. ಒಳಗಿವಿಯಿಂದ ಮಿದುಳಿನ ಬುಡಕ್ಕೆ ಒಂದು ಎಲುಬಿನ ಕೊಳವೆ ಇದೆ. ಉದ್ದ ಸುಮಾರು ಒಂದು ಸೆಂಟಿಮೀಟರ್. ಸ್ಲ್ಯಾಬಿನೊಳಗಿನ ಕಾಂಡ್ಯೂಟ್ ಅಂದುಕೊಳ್ಳಿ. ಆ ಕಾಂಡ್ಯೂಟಿನಲ್ಲಿ ನಾಲ್ಕು ಕೇಬಲ್ ಒಟ್ಟಿಗೆ ಹೋಗುತ್ತವೆ. ಒಂದು ಮುಖದ ಸ್ನಾಯುಗಳನ್ನು ಆಡಿಸುವ ನರ, ಒಂದು ಕೇಳುವ ನರ, ಉಳಿದ ಎರಡು ಶರೀರದ ಸಮತೋಲನದ ಸುದ್ದಿ ಒಯ್ಯುವವು. ಕೇಳುವ ನರವೊಂದರಲ್ಲೇ ಸುಮಾರು 30,000 ಎಳೆಗಳಿವೆ. ಪ್ರತಿ ಎಳೆಗೂ ಮೇಲೆ ಹೊದಿಕೆ ಇರುತ್ತದೆ, ನಮ್ಮ ವೈರಿನ ಇನ್ಸುಲೇಷನ್ ಇದ್ದ ಹಾಗೆ. ಆ ಹೊದಿಕೆಯನ್ನು ಕಟ್ಟುವ ಜೀವಕೋಶಗಳಿಗೆ ಶ್ವಾನ್ ಕೋಶಗಳು ಎಂದು ಹೆಸರು. ಸಮತೋಲನದ ನರದ ಈ ಕೋಶಗಳು ಲೆಕ್ಕ ತಪ್ಪಿ ಬೆಳೆದರೆ ಗಡ್ಡೆ ಆಗುತ್ತದೆ. ಅದಕ್ಕೆ ವೆಸ್ಟಿಬ್ಯುಲರ್ ಶ್ವಾನೋಮಾ ಎನ್ನುತ್ತಾರೆ. ಹಳೆಯ ಡಾಕ್ಟರರು ಅಕೌಸ್ಟಿಕ್ ನ್ಯೂರೋಮಾ ಎಂದೇ ಬರೆಯುವುದು. ರಿಪೋರ್ಟಿನಲ್ಲಿ ಎರಡು ಹೆಸರು ಕಂಡು ಎರಡು ಕಾಯಿಲೆ ಅಂದುಕೊಳ್ಳಬೇಡಿ.

ಸಮಾಧಾನದ ಸಂಗತಿ, ಇದು ಕ್ಯಾನ್ಸರ್ ಅಲ್ಲ. ಬೇರೆ ಕಡೆ ಹರಡುವುದಿಲ್ಲ. ಬೆಳೆದರೂ ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಮಿಲಿಮೀಟರ್. ಕೆಲವು ವರ್ಷಗಟ್ಟಲೆ ಬೆಳೆಯುವುದೇ ಇಲ್ಲ. ಆದರೆ ಜಾಗ ಕೆಟ್ಟದ್ದು. ಕಾಂಡ್ಯೂಟಿನಲ್ಲಿ ಜಾಗ ಎಲ್ಲಿದೆ? ಒಂದು ಕೇಬಲ್ ಉಬ್ಬಿದರೆ ಪಕ್ಕದ್ದು ಚಪ್ಪಟೆಯಾಗುತ್ತದೆ. ಮೊದಲು ಪೆಟ್ಟು ತಿನ್ನುವುದು ಕೇಳುವ ನರ. ಇನ್ನೂ ಬೆಳೆದು ಕೊಳವೆಯಿಂದ ಹೊರಗೆ ಬಂದರೆ ಮಿದುಳಿನ ಬುಡವನ್ನೇ ಒತ್ತುತ್ತದೆ. ಆಗ ಪ್ರಾಣಕ್ಕೇ ಅಪಾಯ.

ಗಡ್ಡೆ ಚಿಕ್ಕದಿದ್ದರೆ ಸುಮ್ಮನೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಎಂಆರ್‌ಐ ಮಾಡುತ್ತ ಕಾಯಬಹುದು. ಗಾಮಾ ನೈಫ್ ಎಂಬ ವಿಕಿರಣ ಚಿಕಿತ್ಸೆ ಇದೆ. ಹೆಸರಿನಲ್ಲಿ ಚೂರಿ ಇದ್ದರೂ ಕೊಯ್ಯುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆ ಯಂತ್ರವಿದೆ. ದೊಡ್ಡದಾದರೆ ಆಪರೇಷನ್. ನಮ್ಮ ಓದುಗರ ಭಾವನದು ಈ ಮೂರನೆಯ ಗುಂಪು.

ಈಗ ಕರೆಂಟಿನ ವಿಷಯಕ್ಕೆ ಬರೋಣ. ಸರ್ಜನ್ ಮೈಕ್ರೋಸ್ಕೋಪಿನಲ್ಲಿ ನೋಡುತ್ತ ಗಡ್ಡೆಯನ್ನು ಚೂರು ಚೂರೇ ತೆಗೆಯುತ್ತಾರೆ. ಗಡ್ಡೆಯ ಮೈಮೇಲೆ ಮುಖದ ನರ ರಿಬ್ಬನ್ನಿನಂತೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ. ಯಾವುದು ಗಡ್ಡೆ, ಯಾವುದು ನರ ಎಂದು ಕಣ್ಣಿಗೆ ಕೆಲವೊಮ್ಮೆ ಗೊತ್ತೇ ಆಗುವುದಿಲ್ಲ. ಆಗ ಒಂದು ಸಣ್ಣ ಪ್ರೋಬ್ ಮುಟ್ಟಿಸಿ ಒಂದಿಷ್ಟು ಕರೆಂಟು ಬಿಡುತ್ತಾರೆ. ನರವಾಗಿದ್ದರೆ ಕೆನ್ನೆಯ, ತುಟಿಯ ಸ್ನಾಯು ಅದುರುತ್ತದೆ. ಅಲ್ಲಿ ಚುಚ್ಚಿಟ್ಟ ಸೂಜಿಗಳಿಂದ ಮಿಷಿನ್ ಟಕಟಕ ಸದ್ದು ಮಾಡುತ್ತದೆ. ಸದ್ದು ಬಂದ ಕಡೆ ಕೊಯ್ಯುವುದಿಲ್ಲ. ಗಡ್ಡೆ ತೆಗೆದಾದ ಮೇಲೆ 0.05 ಮಿಲಿಆಂಪಿಯರಿನಷ್ಟು ಅಲ್ಪ ಕರೆಂಟಿಗೂ ಮುಖ ಅದುರಿದರೆ ಆ ನರ ಚೆನ್ನಾಗಿ ಉಳಿದಿದೆ ಎಂದು ಧೈರ್ಯ. ನಮ್ಮ ರೂಮಿನ ಡಿಬಿಯಲ್ಲಿ ಮನುಷ್ಯನ ಪ್ರಾಣ ಉಳಿಸಲು ಹಾಕುವ ಬ್ರೇಕರ್ ಟ್ರಿಪ್ ಆಗುವುದು 30 ಮಿಲಿಆಂಪಿಯರಿಗೆ. ಇದು ಅದರ ಆರುನೂರರಲ್ಲಿ ಒಂದು ಪಾಲು. ಕರೆಂಟು ಎಂಬ ಶಬ್ದ ಕೇಳಿ ಹೆದರಿದ ಅಕ್ಕನಿಗೆ ಈ ಲೆಕ್ಕ ಹೇಳಿ.

ಮುಖದ ನರಕ್ಕೆ ಈ ಉಪಾಯ ಸುಲಭ, ಯಾಕೆಂದರೆ ಮುಖ ಅದುರಿದ್ದು ಕಾಣುತ್ತದೆ. ಕೇಳುವ ನರದ್ದು ಹಾಗಲ್ಲ. ಅದಕ್ಕೆ ಕರೆಂಟು ಕೊಟ್ಟರೆ ಏನೂ ಅದುರುವುದಿಲ್ಲ. ರೋಗಿ ಅರಿವಳಿಕೆಯಲ್ಲಿ ಮಲಗಿದ್ದಾರೆ, "ಕೇಳ್ತದಾ?" ಎಂದು ವಿಚಾರಿಸುವ ಹಾಗಿಲ್ಲ. ಉತ್ತರವನ್ನು ಮಿದುಳಿನಿಂದಲೇ ಪಡೆಯಬೇಕು.

ಊರಿನಲ್ಲಿ ಮಕ್ಕಳಿಗೆ ಬೆರಾ ಟೆಸ್ಟ್ ಮಾಡಿಸಿದವರಿಗೆ ಇದರ ಅರ್ಧ ಗೊತ್ತಿರುತ್ತದೆ. ಕಿವಿಗೆ ಟಿಕ್ ಟಿಕ್ ಎಂದು ಸದ್ದು ಬಿಡುತ್ತಾರೆ, ತಲೆಯ ಮೇಲೆ ಅಂಟಿಸಿದ ವೈರುಗಳು ಮಿದುಳಿನ ಬುಡದ ಪ್ರತಿಕ್ರಿಯೆಯನ್ನು ಹಿಡಿಯುತ್ತವೆ. ಆ ಸಿಗ್ನಲ್ ಎಷ್ಟು ಸಣ್ಣದೆಂದರೆ ಒಂದು ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಮ್ಮಿ. ಅದಕ್ಕೇ ಸಾವಿರಾರು ಟಿಕ್‌ಗಳ ಉತ್ತರವನ್ನು ಕೂಡಿಸಿ ಸರಾಸರಿ ತೆಗೆಯುತ್ತಾರೆ. ಪರದೆಯ ಮೇಲೆ ಐದು ಅಲೆಗಳು ಸಾಲಾಗಿ ಬರುತ್ತವೆ. ಎಲ್ಲವೂ ಒಂದು ಸೆಕೆಂಡಿನ ನೂರರಲ್ಲೊಂದು ಭಾಗದೊಳಗೆ ಮುಗಿಯುತ್ತದೆ. ಐದನೆಯ ಅಲೆ ಮುಖ್ಯ. ಸದ್ದು ಬಿಟ್ಟ ಸುಮಾರು ಆರು ಮಿಲಿಸೆಕೆಂಡಿಗೆ ಅದು ಏಳಬೇಕು.

ಕಿವಿ ಇನ್ನೂ ಸ್ವಲ್ಪ ಕೇಳುತ್ತಿದ್ದು, ಅದನ್ನು ಉಳಿಸಲು ನೋಡುವ ಆಪರೇಷನ್ನಿನಲ್ಲಿ ಇದೇ ಬೆರಾವನ್ನು ಉದ್ದಕ್ಕೂ ಓಡಿಸುತ್ತಾರೆ. ಐದನೆಯ ಅಲೆ ಒಂದು ಮಿಲಿಸೆಕೆಂಡು ತಡವಾಯಿತು ಅಥವಾ ಅರ್ಧಕ್ಕೆ ಕುಗ್ಗಿತು ಎಂದರೆ ಪಕ್ಕದಲ್ಲಿ ಕೂತ ತಜ್ಞರು ಎಚ್ಚರಿಸುತ್ತಾರೆ. ಸರ್ಜನ್ ಎಳೆಯುವುದನ್ನು ನಿಲ್ಲಿಸಿ, ನರಕ್ಕೆ ಸ್ವಲ್ಪ ಬಿಡುವು ಕೊಡುತ್ತಾರೆ.

ಆದರೆ ಕಿವಿ ಆಗಲೇ ಕಿವುಡಾಗಿದ್ದರೆ? ಅಥವಾ ಗಡ್ಡೆಗೆ ದಾರಿ ಮಾಡಲು ಒಳಗಿವಿಯ ಸಮತೋಲನದ ಭಾಗವನ್ನೇ ಕೊರೆದು ತೆಗೆಯಬೇಕಾಗಿ ಬಂದರೆ? ಅಂಥ ಆಪರೇಷನ್ನಿನಲ್ಲಿ ಸಹಜವಾದ ಶ್ರವಣ ಅಲ್ಲಿಗೆ ಮುಗಿಯಿತು. ಟಿಕ್ ಸದ್ದು ಬಿಟ್ಟು ಪ್ರಯೋಜನವಿಲ್ಲ, ಸದ್ದನ್ನು ಸಿಗ್ನಲ್ ಮಾಡುವ ಜಾಗವೇ ಕೆಟ್ಟಿದೆ. ಆದರೂ ಅದರ ಹಿಂದಿನ ಕೇಬಲ್, ಅಂದರೆ ನರ, ಜೀವಂತ ಇದ್ದಿರಬಹುದು. ಇಲ್ಲಿ ಬರುತ್ತದೆ ಓದುಗರು ಕೇಳಿದ ಪರೀಕ್ಷೆ. ಬಸವನಹುಳುವಿನ ಚಿಪ್ಪಿನ ಆಕಾರದ ಕಾಕ್ಲಿಯಾದೊಳಗೆ ಒಂದು ತೆಳ್ಳನೆಯ ತಂತಿಯನ್ನು ತೂರಿಸಿ, ಇಲ್ಲವೇ ಅದರ ಬಾಗಿಲಲ್ಲೇ ಇಟ್ಟು, ನೇರವಾಗಿ ಕರೆಂಟಿನ ಚಿಕ್ಕ ಚಿಕ್ಕ ಬಡಿತ ಕೊಡುತ್ತಾರೆ. ಒಂದೊಂದು ಬಡಿತ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಹೊತ್ತು, ಅದಕ್ಕಿಂತಲೂ ಕಮ್ಮಿ. ತಲೆಯ ಮೇಲಿನ ವೈರುಗಳಲ್ಲಿ ಐದನೆಯ ಅಲೆ ಬರುತ್ತದೋ ಎಂದು ನೋಡುತ್ತಾರೆ. ಈ ಸಲ ಅದು ಬೇಗ, ಸುಮಾರು ನಾಲ್ಕು ಮಿಲಿಸೆಕೆಂಡಿಗೇ ಬರಬೇಕು, ಯಾಕೆಂದರೆ ಕಿವಿಯ ದಾರಿಯನ್ನು ಬಿಟ್ಟು ನೇರ ನರದಿಂದ ಶುರುವಾಗಿದೆ. ಬಂದರೆ ಲೈನ್ ಕ್ಲಿಯರ್. ಗೋಡೆಯೊಳಗಿನ ಕೇಬಲ್ ತುಂಡಾಗಿದೆಯೋ ಇಲ್ಲವೋ ಎಂದು ಮಲ್ಟಿಮೀಟರಿನ ಬಜರ್ ಹಾಕಿ ನೋಡುತ್ತೀರಲ್ಲ, ಅದೇ ತತ್ವ. ನರ ಕಣ್ಣಿಗೆ ಇಡಿಯಾಗಿ ಕಾಣುತ್ತದೆ ಎಂದ ಮಾತ್ರಕ್ಕೆ ಕೆಲಸ ಮಾಡುತ್ತದೆ ಎಂದಲ್ಲ. ಹೊರಗೆ ಇನ್ಸುಲೇಷನ್ ನೆಟ್ಟಗಿದ್ದು ಒಳಗೆ ತಾಮ್ರ ಮುರಿದ ವೈರನ್ನು ನೀವೂ ನೋಡಿದ್ದೀರಿ.

ಲೈನ್ ಸರಿ ಇದ್ದರೆ ಏನು ಲಾಭ? ಅದೇ ಆಪರೇಷನ್ನಿನಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಕೂರಿಸಬಹುದು. ಮುಂದಕ್ಕೆ ಹಾಕಿದರೆ ಒಂದು ತೊಡಕಿದೆ. ಇಂಥ ಆಪರೇಷನ್ ಆದ ಮೇಲೆ ಕಾಕ್ಲಿಯಾದ ಒಳಗೆ ಕ್ರಮೇಣ ಎಲುಬು ತುಂಬಿಕೊಳ್ಳಬಹುದು. ಕಾಂಡ್ಯೂಟಿಗೆ ಸಿಮೆಂಟ್ ಹೋದ ಹಾಗೆ, ಆಮೇಲೆ ತಂತಿ ಎಳೆಯುವುದು ಕಷ್ಟ. ಡಾಕ್ಟರರು ಮೊದಲೇ ಸಹಿ ಕೇಳುವುದಕ್ಕೆ ಇದೂ ಒಂದು ಕಾರಣ. ತಲೆ ತೆರೆದಿಟ್ಟು ಹೊರಗೆ ಬಂದು ಮನೆಯವರನ್ನು ಹುಡುಕುವ ಹಾಗಿಲ್ಲವಲ್ಲ.

ಇದೆಲ್ಲ ನಿನ್ನೆ ಮೊನ್ನೆಯ ಪ್ರಯೋಗ ಎಂದು ಯಾರಾದರೂ ಹೆದರಿಸಿದರೆ ಈ ಕತೆ ಹೇಳಿ. ಬ್ಯಾಟರಿ ಕಂಡುಹಿಡಿದ ಇಟಲಿಯ ವೋಲ್ಟಾ 1800ರಷ್ಟು ಹಿಂದೆಯೇ ತನ್ನ ಎರಡೂ ಕಿವಿಗೆ ಲೋಹದ ಕಡ್ಡಿ ಇಟ್ಟು ಬ್ಯಾಟರಿಗೆ ಜೋಡಿಸಿಕೊಂಡಿದ್ದ. ತಲೆಗೆ ಒಂದು ಪೆಟ್ಟು ಬಿದ್ದಂತಾಯಿತು, ಆಮೇಲೆ ಏನೋ ಮಂದವಾದದ್ದು ಕೊತಕೊತ ಕುದಿಯುವ ಸದ್ದು ಕೇಳಿಸಿತು ಎಂದು ಬರೆದಿದ್ದಾನೆ. (ನಮ್ಮ ಎಲೆಕ್ಟ್ರಿಷಿಯನ್ ತಮ್ಮಂದಿರು ಇದನ್ನು ರೂಮಿನಲ್ಲಿ ಮಾಡಿ ನೋಡಬಾರದು, ದಯವಿಟ್ಟು.) 1957ರಲ್ಲಿ ಪ್ಯಾರಿಸ್ಸಿನಲ್ಲಿ ಆಂದ್ರೆ ಜೂರ್ನೋ ಎಂಬ ಸಂಶೋಧಕ ಮತ್ತು ಶಾರ್ಲ್ ಎರಿಯೆಸ್ ಎಂಬ ಕಿವಿ ಸರ್ಜನ್ ಸೇರಿ ಪೂರ್ತಿ ಕಿವುಡಾದ ರೋಗಿಯೊಬ್ಬನ ಕೇಳುವ ನರದ ಮೋಟು ತುದಿಗೆ ತಂತಿ ಇಟ್ಟರು. ಆ ಮನುಷ್ಯ ಮುಖದ ನರ ಸರಿಮಾಡಿಸಿಕೊಳ್ಳಲು ಟೇಬಲ್ ಹತ್ತಿದವನು. ಅವನಿಗೆ ಸದ್ದು ಕೇಳಿಸಿತು. ಜೀರುಂಡೆ ಕೂಗಿದ ಹಾಗೆ ಇದೆ ಎಂದ. ಅಭ್ಯಾಸವಾದ ಮೇಲೆ ಒಂದೆರಡು ಸುಲಭದ ಶಬ್ದಗಳನ್ನೂ ಗುರುತಿಸಿದ. ಕೆಲವೇ ಸಮಯದಲ್ಲಿ ಸಾಧನ ಕೆಟ್ಟಿತು, ಇನ್ನೊಂದು ಹಾಕಿದರು, ಅದೂ ಕೆಟ್ಟಿತು. ಆದರೆ ಸತ್ತ ಕಿವಿಯ ಹಿಂದಿನ ನರಕ್ಕೆ ಕರೆಂಟು ಕೊಟ್ಟರೆ ಮನುಷ್ಯನಿಗೆ ಕೇಳಿಸುತ್ತದೆ ಎನ್ನುವುದು ಅಲ್ಲಿಗೆ ಸಾಬೀತಾಯಿತು.

ಆ ಸುದ್ದಿ ಅಮೆರಿಕದ ಲಾಸ್ ಏಂಜಲೀಸಿನ ವಿಲಿಯಂ ಹೌಸ್ ಎಂಬ ಕಿವಿ ಡಾಕ್ಟರಿಗೆ ತಲುಪಿತು. ಅವರೇ ಮುಂದೆ ಕಾಕ್ಲಿಯರ್ ಇಂಪ್ಲಾಂಟಿಗೆ ದಾರಿ ಮಾಡಿದವರಲ್ಲಿ ಒಬ್ಬರು. ಮೈಕ್ರೋಸ್ಕೋಪ್ ಇಟ್ಟು ಕಿವಿಯ ಹಿಂದಿನಿಂದ ಈ ಗಡ್ಡೆ ತೆಗೆಯುವ ದಾರಿಯನ್ನು ರೂಢಿಗೆ ತಂದವರೂ ಅವರೇ. 1979ರಲ್ಲಿ ಹೌಸ್ ಮತ್ತು ನರ ಸರ್ಜನ್ ವಿಲಿಯಂ ಹಿಟ್ಸೆಲ್‌ಬರ್ಗರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎರಡೂ ಕಡೆ ಗಡ್ಡೆ ಬರುವ ಎನ್‌ಎಫ್‌2 ಎಂಬ ವಂಶವಾಹಿ ಕಾಯಿಲೆ ಇದೆ. ಅದು ಇದ್ದ ಹೆಂಗಸೊಬ್ಬರ ಗಡ್ಡೆ ತೆಗೆಯುವಾಗ ನರ ಉಳಿಯುವಂತಿರಲಿಲ್ಲ. ನರವನ್ನೂ ಬಿಟ್ಟು, ಅದು ಹೋಗಿ ಸೇರುವ ಮಿದುಳಿನ ಬುಡದ ಮೇಲೆಯೇ ಎಲೆಕ್ಟ್ರೋಡ್ ಇಟ್ಟರು. ಅದು ಬ್ರೈನ್‌ಸ್ಟೆಮ್ ಇಂಪ್ಲಾಂಟ್. 2000ದಲ್ಲಿ ಅಮೆರಿಕ ಸರಕಾರ ಅದಕ್ಕೆ ಒಪ್ಪಿಗೆ ಕೊಟ್ಟಿತು. ನಮ್ಮ ಕಡೆ ಚೆನ್ನೈಯ ಮದ್ರಾಸ್ ಇಎನ್‌ಟಿ ರಿಸರ್ಚ್ ಫೌಂಡೇಷನ್ನಿನಲ್ಲಿ ಇದನ್ನು ಮಾಡುತ್ತಾರೆ. ಅಲ್ಲೂ ಟೇಬಲ್ ಮೇಲೆಯೇ ಕರೆಂಟು ಕೊಟ್ಟು, ಅಲೆ ಬರುವ ಜಾಗ ಹುಡುಕಿಯೇ ಪ್ಲೇಟ್ ಕೂರಿಸುವುದು. ಒಂದಿಷ್ಟು ಆಚೀಚೆ ಆದರೆ ಗಂಟಲಿನ, ಮುಖದ ನರ ಕೆರಳುತ್ತದೆ.

ಇಷ್ಟು ಹೇಳಿದ ಮೇಲೆ ಇದರ ಮಿತಿಯನ್ನೂ ಹೇಳಬೇಕು, ಇಲ್ಲದಿದ್ದರೆ ನಾವು ಇಂಪ್ಲಾಂಟ್ ಕಂಪೆನಿಯ ಏಜೆಂಟರಾಗುತ್ತೇವೆ. ಅಲೆ ಬಂತು ಎಂದರೆ ಮುಂದೆ ಮಾತು ಸ್ಪಷ್ಟವಾಗಿ ಕೇಳುತ್ತದೆ ಎಂಬ ಗ್ಯಾರಂಟಿ ಇಲ್ಲ. ಅಲೆ ಬರಲಿಲ್ಲ ಎಂದರೆ ನರ ಸತ್ತೇ ಹೋಯಿತು ಎಂದೂ ಅಲ್ಲ. ಎಳೆದಾಟದಲ್ಲಿ ಮಂಕಾದ ನರ ಕೆಲವೊಮ್ಮೆ ಆಮೇಲೆ ಚೇತರಿಸುತ್ತದೆ. ಮುಖದ ಸ್ನಾಯುವಿನ ಅದುರು ಕೇಳುವ ನರದ ಅಲೆಯ ವೇಷ ಹಾಕಿಕೊಂಡು ಮೋಸ ಮಾಡುವುದೂ ಉಂಟು. ನೋಡಿ ಹೇಳುವುದಕ್ಕೆ ಅನುಭವಿ ಆಡಿಯಾಲಜಿಸ್ಟ್ ಬೇಕು. ಇಂಪ್ಲಾಂಟಿನಲ್ಲಿ ಕೇಳುವ ಸದ್ದು ಹುಟ್ಟಿನಿಂದ ಕೇಳಿದ ಸದ್ದಿನ ಹಾಗಿರುವುದಿಲ್ಲ. ತಿಂಗಳುಗಟ್ಟಲೆ ಕೂತು ಕಿವಿಗೆ ಹೊಸದಾಗಿ ಅಕ್ಷರಾಭ್ಯಾಸ ಮಾಡಿಸಬೇಕು. ಈ ಕೆಲಸಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಜಾಗ ನಮ್ಮ ರಾಜ್ಯದಲ್ಲೇ ಇರುವುದು ಪುಣ್ಯ. ಖರ್ಚೂ ಲಕ್ಷಗಟ್ಟಲೆ. ಸರಕಾರದ ಉಚಿತ ಇಂಪ್ಲಾಂಟ್ ಯೋಜನೆಗಳು ಮುಖ್ಯವಾಗಿ ಚಿಕ್ಕ ಮಕ್ಕಳಿಗೆ ಇರುವಂಥವು.

ಹಾಗಾದರೆ ನಮ್ಮ ಅಭಿಪ್ರಾಯ? ಪರೀಕ್ಷೆಗೆ ಹೆದರಬೇಕಾಗಿಲ್ಲ. ಆದರೆ ಪರೀಕ್ಷೆಗೆ ಸಹಿ ಬೇರೆ, ಇಂಪ್ಲಾಂಟಿಗೆ ಸಹಿ ಬೇರೆ. ಅವೆರಡನ್ನೂ ಒಂದೇ ಕಾಗದದಲ್ಲಿ ಬರೆದಿದ್ದರೆ ಬಿಡಿಸಿ ಕೇಳಿ. ಇನ್ನೊಂದು ಕಿವಿ ಚೆನ್ನಾಗಿದೆ, ಕೈಯಲ್ಲಿ ದುಡ್ಡಿಲ್ಲ ಎಂದಾದರೆ ಸಾಲ ಮಾಡಿ ಇಂಪ್ಲಾಂಟ್ ಹಾಕಿಸುವ ಮೊದಲು ಎರಡು ಸಲ ಯೋಚಿಸುವುದರಲ್ಲಿ ತಪ್ಪಿಲ್ಲ. ಕೆಟ್ಟ ಕಿವಿಯ ಕಡೆ ಮೈಕ್ ಇಟ್ಟು ಒಳ್ಳೆಯ ಕಿವಿಗೆ ಸದ್ದು ದಾಟಿಸುವ ಕ್ರಾಸ್ ಎಂಬ ಹಿಯರಿಂಗ್ ಏಡ್ ಇದೆ, ಬಹಳ ಮಂದಿಗೆ ಅದೇ ಸಾಕಾಗುತ್ತದೆ. ಎರಡೂ ಕಿವಿಗೆ ಗಡ್ಡೆ ಇರುವವರ ಮಾತು ಬೇರೆ. ಅವರಿಗೆ ಈ ಪರೀಕ್ಷೆಯೇ ನಾಳೆ ಹೆಂಡತಿ ಮಕ್ಕಳ ಮಾತು ಕೇಳುವುದೋ ಇಲ್ಲವೋ ಎನ್ನುವುದನ್ನು ತೀರ್ಮಾನಿಸುತ್ತದೆ.

ಅಕ್ಕ ಡಾಕ್ಟರರ ಹತ್ತಿರ ಕೇಳಬೇಕಾದ್ದು ಇಷ್ಟು. ಗಡ್ಡೆ ಎಷ್ಟು ಮಿಲಿಮೀಟರ್, ಕಾಯಬಹುದೇ? ಕೇಳುವುದನ್ನು ಉಳಿಸುವ ಆಪರೇಷನ್ನೋ, ಬಿಟ್ಟುಕೊಡುವ ಆಪರೇಷನ್ನೋ? ಮುಖ ವಾಲುವ ಸಂಭವ ಎಷ್ಟು? ಕಣ್ಣು ಮುಚ್ಚಲಾಗದಿದ್ದರೆ ಏನು ಮಾಡಬೇಕು? ಇಂಪ್ಲಾಂಟ್ ಹಾಕಿದರೆ ಅದರ ಮ್ಯಾಗ್ನೆಟ್ ಇದ್ದೂ ಮುಂದೆ ಎಂಆರ್‌ಐ ಮಾಡಬಹುದೇ? ಈ ಕೊನೆಯ ಪ್ರಶ್ನೆಯನ್ನು ಮರೆಯಬಾರದು. ಗಡ್ಡೆ ಮತ್ತೆ ಬಂತೋ ಎಂದು ನೋಡಲು ವರ್ಷಗಟ್ಟಲೆ ಎಂಆರ್‌ಐ ಬೇಕೇ ಬೇಕು. ಬಿಪಿಎಲ್ ಕಾರ್ಡ್ ಇದ್ದರೆ ನಿಮ್ಹಾನ್ಸ್‌ನಲ್ಲಿ ರಿಯಾಯಿತಿ ಸಿಗುತ್ತದೆ, ಎರಡನೆಯ ಅಭಿಪ್ರಾಯಕ್ಕೆ ಅಲ್ಲಿಗೆ ಹೋಗಿ ಬರಬಹುದು. ನಿಧಾನ ಬೆಳೆಯುವ ಗಡ್ಡೆಗೆ ಒಂದೆರಡು ವಾರದ ತಡ ಸಾಮಾನ್ಯವಾಗಿ ಹೆಚ್ಚಾಗುವುದಿಲ್ಲ. ತಲೆನೋವು, ವಾಂತಿ, ನಡಿಗೆ ತೂರಾಡುವುದು ಇದ್ದರೆ ಮಾತ್ರ ಕಾಯಬೇಡಿ.

ಇನ್ನು ಇಲ್ಲಿರುವ ನಮ್ಮ ಮಾತು. ಇದು ಅಪರೂಪದ ಗಡ್ಡೆ, ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಪತ್ತೆಯಾಗುವಂಥದ್ದು. ಎಲ್ಲರೂ ಕಿವಿ ಹಿಡಿದುಕೊಂಡು ಓಡಬೇಕಾಗಿಲ್ಲ. ಆದರೆ ನಾವು ಸದ್ದಿನಲ್ಲೇ ಬದುಕುವವರು. 2014ರಲ್ಲಿ ವಿಮಾನಗಳು ಹಮದ್ ಏರ್‌ಪೋರ್ಟಿಗೆ ಹೋಗುವ ಮೊದಲು ಓಲ್ಡ್ ಏರ್‌ಪೋರ್ಟಿನಲ್ಲಿ ಇದ್ದವರಿಗೆ ಗೊತ್ತು, ತಲೆ ಮೇಲೆ ವಿಮಾನ ಇಳಿಯುವಾಗ ಫೋನಿನಲ್ಲಿ "ಸ್ವಲ್ಪ ನಿಲ್ಲು ಮಾರಾಯ್ತಿ" ಎನ್ನಬೇಕಾಗುತ್ತಿತ್ತು. ಈಗ ಜ್ಯಾಕ್‌ಹ್ಯಾಮರ್, ಜನರೇಟರ್, ಗ್ರೈಂಡರ್. ಹಾಗಾಗಿ ಕಿವಿ ಮಂದವಾದರೆ ಎಲ್ಲವನ್ನೂ ಸೈಟಿನ ಸದ್ದಿನ ತಲೆಗೆ ಕಟ್ಟುತ್ತೇವೆ. ಸದ್ದಿನಿಂದ ಆಗುವ ಕಿವುಡು ಸಾಮಾನ್ಯವಾಗಿ ಎರಡೂ ಕಿವಿಗೆ ಒಟ್ಟಿಗೆ ಬರುತ್ತದೆ. ಒಂದೇ ಕಿವಿ ಮಂದವಾಗುತ್ತ ಹೋದರೆ, ಒಂದೇ ಕಿವಿಯಲ್ಲಿ ಬಿಡದೆ ಗುಂಯ್ ಅಂದರೆ, ಇಮೋದಲ್ಲಿ ಮಾತಾಡುವಾಗ ಗೊತ್ತಿಲ್ಲದೆ ಫೋನನ್ನು ಯಾವಾಗಲೂ ಒಂದೇ ಕಿವಿಗೆ ಬದಲಾಯಿಸುತ್ತಿದ್ದರೆ ಪರೀಕ್ಷೆ ಮಾಡಿಸಿ. ಇವತ್ತೇ ಆಚೆ ಕಿವಿಗೆ ಇಟ್ಟು ನೋಡಿ. ಧ್ವನಿ ಕೇಳುತ್ತದೆ, ಶಬ್ದ ಮಾತ್ರ ಬಿಡಿಸಿ ಅರ್ಥವಾಗುವುದಿಲ್ಲ ಎಂದರೆ ಅದು ನರದ ತೊಂದರೆಯ ಗುರುತಾಗಿರಬಹುದು. ತೆಂಗಿನೆಣ್ಣೆ ಬಿಸಿ ಮಾಡಿ ಬಿಟ್ಟು ತಿಂಗಳು ಕಳೆಯಬೇಡಿ. ರಾತ್ರಿ ಬೆಳಗಾಗುವುದರೊಳಗೆ ಒಂದು ಕಿವಿ ಪೂರ್ತಿ ಹೋದರೆ ಅದು ಅರ್ಜೆಂಟ್. ಕಾರಣ ಏನೇ ಇರಲಿ, ಸ್ಟೀರಾಯ್ಡ್ ಮದ್ದು ಮೊದಲ ಕೆಲವು ದಿನಗಳಲ್ಲೇ ಶುರುವಾದರೆ ಉಳಿಯುವ ಸಾಧ್ಯತೆ ಹೆಚ್ಚು. ಶುಕ್ರವಾರ ರಜೆ ಎಂದು ಕಾಯಬೇಡಿ.

ಒಂದೇ ಕಿವಿ ಇರುವವನಿಗೆ ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಗೊತ್ತಾಗುವುದಿಲ್ಲ. ರಿವರ್ಸ್ ಬರುತ್ತಿರುವ ಟಿಪ್ಪರಿನ ಬೀಪ್ ಕೇಳುತ್ತದೆ, ಹಿಂದೆಯೋ ಮುಂದೆಯೋ ತಿಳಿಯದು. ಸಮತೋಲನವೂ ಕೆಟ್ಟಿದ್ದರೆ ಸ್ಕ್ಯಾಫೋಲ್ಡಿಂಗ್ ಹತ್ತುವುದು ಪ್ರಾಣದ ಜೊತೆ ಆಟ. ಕಂಪೆನಿಯಲ್ಲಿ ಹೇಳಿದರೆ ಅನ್‌ಫಿಟ್ ಮಾಡಿ ಕಳಿಸುತ್ತಾರೆ ಎಂದು ಮುಚ್ಚಿಡುವವರಿದ್ದಾರೆ. ಆ ಹೆದರಿಕೆ ಸುಳ್ಳು ಎಂದು ನಾವು ಹೇಳುವುದಿಲ್ಲ. ಆದರೆ ಕಾನೂನು ಗೊತ್ತಿರಲಿ. ಕತಾರಿನ 2004ರ ಕಾರ್ಮಿಕ ಕಾನೂನಿನಂತೆ, ಸೇರಿ ಮೂರು ತಿಂಗಳಾದವರಿಗೆ ಡಾಕ್ಟರರ ಸರ್ಟಿಫಿಕೇಟಿನ ಮೇಲೆ ವರ್ಷಕ್ಕೆ ಎರಡು ವಾರ ಪೂರ್ತಿ ಸಂಬಳದ ಸಿಕ್ ಲೀವ್ ಇದೆ, ಅದರ ಮೇಲೆ ನಾಲ್ಕು ವಾರ ಅರ್ಧ ಸಂಬಳ, ಆಮೇಲೆ ಸಂಬಳವಿಲ್ಲದ ರಜೆ. ಇಂಥ ಆಪರೇಷನ್ ಆದರೆ ತಲೆ ತಿರುಗುವುದು ಕಮ್ಮಿಯಾಗಿ ಕೆಲಸಕ್ಕೆ ಹೊರಡಲು ವಾರಗಟ್ಟಲೆ ಬೇಕು. ಆ ರಜೆ ಬೇಕೇ ಆಗುತ್ತದೆ, ಸರ್ಟಿಫಿಕೇಟಿನ ಪ್ರತಿ ಒಂದನ್ನು ನಿಮ್ಮ ಹತ್ತಿರವೂ ಇಟ್ಟುಕೊಳ್ಳಿ.

ಹೆಲ್ತ್ ಕಾರ್ಡ್ ಅವಧಿ ಮುಗಿದಿದೆಯೋ ನೋಡಿಕೊಂಡು ನಿಮ್ಮ ಕಾರ್ಡಿನಲ್ಲಿರುವ ಹೆಲ್ತ್ ಸೆಂಟರಿಗೆ ಮೊದಲು ಹೋಗಿ, ಅಲ್ಲಿಂದ ಕಿವಿಯ ವಿಭಾಗಕ್ಕೆ ರೆಫರ್ ಮಾಡುತ್ತಾರೆ. "ಒಂದೇ ಕಿವಿ" ಎಂಬ ಮಾತನ್ನು ಒತ್ತಿ ಹೇಳಿ. ಇಂಗ್ಲಿಷ್, ಅರಬ್ಬಿ ಬಾರದಿದ್ದರೆ ಹಿಂದಿಯಲ್ಲೋ ಮಲಯಾಳದಲ್ಲೋ ಹೇಳಿದರೂ ಅರ್ಥವಾಗುವ ನರ್ಸ್ ಒಬ್ಬರಾದರೂ ಸಿಗುತ್ತಾರೆ. ಇಲ್ಲಿ ಎಂಆರ್‌ಐ ಮಾಡಿಸಿ ಊರಿನಲ್ಲಿ ಆಪರೇಷನ್ ಮಾಡಿಸುವ ಯೋಚನೆ ಇದ್ದರೆ ಸಿಡಿಯನ್ನು ಕೇಳಿ ತೆಗೆದುಕೊಂಡು ಹ್ಯಾಂಡ್ ಬ್ಯಾಗಿನಲ್ಲೇ ಇಟ್ಟುಕೊಂಡು ಹೋಗಿ. ಬರೀ ರಿಪೋರ್ಟಿನ ಕಾಗದ ಸಾಲದು, ಊರಿನ ಸರ್ಜನ್ ಚಿತ್ರವನ್ನೇ ನೋಡಬೇಕು ಅನ್ನುತ್ತಾರೆ.